ಒಂದು ನದಿ, ಇಬ್ಬರು ಗೆಳೆಯರು, ರೈಲಿನಲ್ಲಿ ಬಂದ ಮೀನು

ಬೇಸಿಗೆಯ ಶನಿವಾರ, ಬೆಳಗಿನ ಐದೂವರೆ ಗಂಟೆ. ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಿಂದ ವಾಯವ್ಯಕ್ಕೆ ಸುಮಾರು ಒಂದು ಗಂಟೆಯ ಹಾದಿಯಲ್ಲಿರುವ ಪಾಯಿಂಟ್ ಆಫ್ ರಾಕ್ಸ್ ಎಂಬ ಊರಿನ ನದಿದಂಡೆಗೆ ಎರಡು ಕಾರುಗಳು ಬಂದು ನಿಲ್ಲುತ್ತವೆ. ಒಂದರ ನೆತ್ತಿಯ ಮೇಲೆ ಕಿರುದೋಣಿಯೊಂದನ್ನು ಬೋರಲು ಹಾಕಿ ಕಟ್ಟಲಾಗಿರುತ್ತದೆ. ಇನ್ನೊಂದಕ್ಕೆ ಬೀಗ ಹಾಕಿ ಅಲ್ಲಿಯೇ ಬಿಟ್ಟು, ಇಬ್ಬರು ಗೆಳೆಯರು ದೋಣಿಯ ಕಾರಿನಲ್ಲಿ ನದಿಯ ಮೇಲ್ಭಾಗದತ್ತ ಹೊರಡುತ್ತಾರೆ. ಹೊಳೆಯ ಲೆಕ್ಕದಲ್ಲಿ ಸುಮಾರು 11 ಕಿಲೋಮೀಟರು ಮೇಲಿರುವ ಬ್ರನ್ಸ್‌ವಿಕ್‌ನಲ್ಲಿ ದೋಣಿ ನೀರಿಗಿಳಿಯುತ್ತದೆ. ಹಗಲಿಡೀ ಹರಿವಿನೊಂದಿಗೆ ತೇಲಿ, ಸಂಜೆಯ ಹೊತ್ತಿಗೆ ಬಿಟ್ಟುಬಂದ ಕಾರನ್ನು ಸೇರುವುದು ಅವರ ಯೋಜನೆ. ನಡುವೆ ಮಾಡುವ ಕೆಲಸ ಒಂದೇ. ಅದು ಬಾಸ್ ಹಿಡಿಯುವುದು.

ಇಲ್ಲಿ ಬಾಸ್ ಎಂದರೆ ವಾರದ ಐದು ದಿನ ಕಚೇರಿಯಲ್ಲಿ ಎದುರಾಗುವ ಮೇಲಧಿಕಾರಿಯಲ್ಲ. ಸ್ಮಾಲ್‌ಮೌತ್ ಬಾಸ್, ಅಂದರೆ ಕಿರುಬಾಯಿಯ ಬಾಸ್ ಎಂಬ ಸಿಹಿನೀರಿನ ಮೀನು. ಅಮೆರಿಕದ ಹೊಳೆಗಳಲ್ಲಿ ಗಾಳ ಹಾಕುವವರ ಪಾಲಿಗೆ ಇದು ಅತ್ಯಂತ ಪ್ರಿಯವಾದ ಬೇಟೆಗಳಲ್ಲೊಂದು. ವಾಷಿಂಗ್ಟನ್ ನಗರದ ಪಕ್ಕದಲ್ಲೇ ಹರಿದು ಸಮುದ್ರ ಸೇರುವ ಪೊಟೊಮ್ಯಾಕ್ ನದಿ ಈ ಮೀನಿಗೆ ಹೆಸರುವಾಸಿ.

ಮೇಲ್ನೋಟಕ್ಕೆ ಇದು ವಾರಾಂತ್ಯದ ವಿಹಾರ. ಆದರೆ ಈ ಮೀನು ಮೂಲತಃ ಈ ನದಿಯದಲ್ಲ. ಮನುಷ್ಯರು ಹೊತ್ತು ತಂದದ್ದು. ಇಪ್ಪತ್ತೊಂದನೇ ಶತಮಾನದ ಆರಂಭದಲ್ಲಿ ಇದೇ ಮೀನು ರೋಗಕ್ಕೆ ತುತ್ತಾಗಿ, ನದಿಯ ನೀರಿನಲ್ಲಿ ಏನೋ ಸರಿಯಿಲ್ಲ ಎಂಬುದನ್ನು ಜಗತ್ತಿಗೆ ತಿಳಿಸಿತು. ಸತ್ತು ತೇಲುತ್ತಿದ್ದ ಮೀನುಗಳನ್ನು ಮೊದಲು ಕಂಡವರಲ್ಲಿ ಪ್ರಯೋಗಾಲಯದವರಿಗಿಂತ ಹೆಚ್ಚಾಗಿ ಗಾಳ ಹಿಡಿದು ಹೊಳೆಗಿಳಿದ ಸಾಮಾನ್ಯರೇ ಇದ್ದರು.

ಒಬ್ಬರಿಂದ ಆಗದ ಕೆಲಸ

ಕೆರೆಯ ದಡದಲ್ಲಿ ಒಬ್ಬನೇ ಕುಳಿತು ಗಾಳ ಹಾಕಬಹುದು. ತೇಲುತ್ತ ಸಾಗುವ ನದಿಯ ಬೇಟೆಗೆ ಮಾತ್ರ ಜೊತೆಗಾರ ಬೇಕು. ಮೊದಲ ಕಾರಣ ಎರಡು ಕಾರುಗಳ ಲೆಕ್ಕಾಚಾರ. ದೋಣಿ ಇಳಿಸಿದ ಜಾಗಕ್ಕೆ ಹೊಳೆಯ ಎದುರು ಹುಟ್ಟುಹಾಕಿ ಮರಳುವುದು ಸಾಧ್ಯವಿಲ್ಲದ್ದರಿಂದ ಒಂದು ವಾಹನ ಕೆಳಗೆ ಕಾದಿರಬೇಕು.

ಎರಡನೆಯದು ದೋಣಿಯೊಳಗಿನ ಶ್ರಮವಿಭಜನೆ. ಹಿಂದೆ ಕುಳಿತವನು ಹುಟ್ಟಿನಿಂದ ದೋಣಿಯ ದಿಕ್ಕು ಕಾಯುತ್ತಾನೆ, ಮುಂದೆ ಕುಳಿತವನು ಗಾಳ ಬೀಸುತ್ತಾನೆ. ಗಂಟೆಗೊಮ್ಮೆ ಸ್ಥಾನ ಬದಲಾಗುತ್ತದೆ. ಇದು ಬರೆಯದ ನಿಯಮ. ಒಳ್ಳೆಯ ಮಡು ಎದುರಾದಾಗ ಹುಟ್ಟು ಹಿಡಿದವನು ತನ್ನ ಗಾಳವನ್ನು ಮುಟ್ಟದೆ ದೋಣಿಯನ್ನು ಸ್ಥಿರವಾಗಿ ನಿಲ್ಲಿಸಿಕೊಡಬೇಕು. ಗೆಳೆತನದ ಪರೀಕ್ಷೆ ನಡೆಯುವುದು ಇಂಥ ಗಳಿಗೆಯಲ್ಲಿ ಎಂದು ಹಳೆಯ ಗಾಳಗಾರರು ನಗೆಯಾಡುವುದುಂಟು.

ಮೂರನೆಯದು ಪ್ರಾಣದ ಪ್ರಶ್ನೆ. ಪೊಟೊಮ್ಯಾಕ್ ಅಗಲವಾದ, ನೋಡಲು ಸೌಮ್ಯವಾದ ನದಿ. ಬೇಸಿಗೆಯಲ್ಲಿ ಅನೇಕ ಕಡೆ ಸೊಂಟದ ಮಟ್ಟಕ್ಕೂ ನೀರಿರುವುದಿಲ್ಲ. ಆದರೆ ಬಂಡೆಗಳ ನಡುವೆ ಕಾಲು ಸಿಕ್ಕಿಕೊಂಡರೆ ಸೆಳವು ಮನುಷ್ಯನನ್ನು ಮುಂದಕ್ಕೆ ಬೀಳಿಸಿ, ಮಂಡಿಯುದ್ದದ ನೀರಿನಲ್ಲೇ ಮುಳುಗಿಸಬಲ್ಲದು. ಆದ್ದರಿಂದಲೇ ತೇಲುವ ಜಾಕೀಟು ಧರಿಸುವುದು, ಹರಿವು ಬಿರುಸಾದಲ್ಲಿ ಕಾಲೂರಿ ನಿಲ್ಲಲು ಹೋಗದಿರುವುದು, ಮಳೆಯ ಮರುದಿನ ನೀರಿಗಿಳಿಯದಿರುವುದು ಇಲ್ಲಿನ ಮೊದಲ ಪಾಠಗಳು. ಪಾಯಿಂಟ್ ಆಫ್ ರಾಕ್ಸ್‌ನಲ್ಲಿ 1895ರಿಂದ ನದಿಯ ಮಟ್ಟವನ್ನು ಅಳೆಯಲಾಗುತ್ತಿದೆ. ಆ ಅಂಕಿ ಈಗ ಅಂತರ್ಜಾಲದಲ್ಲಿ ಯಾರಿಗಾದರೂ ಲಭ್ಯ. ಹಿಂದಿನ ರಾತ್ರಿ ಅದನ್ನು ನೋಡದೆ ಹೊರಡುವವರನ್ನು ಅನುಭವಿಗಳು ಜೊತೆಗೆ ಕರೆದೊಯ್ಯುವುದಿಲ್ಲ.

ಇದರೊಂದಿಗೆ ಪರವಾನಗಿಯೂ ಬೇಕು. ನದಿಯ ಒಂದು ದಂಡೆ ಮೇರಿಲ್ಯಾಂಡ್, ಇನ್ನೊಂದು ವರ್ಜೀನಿಯಾ. ಆದರೆ ನೀರು ಮೇರಿಲ್ಯಾಂಡ್‌ಗೆ ಸೇರಿದ್ದು. ಇಂಗ್ಲೆಂಡಿನ ದೊರೆ ಒಂದನೇ ಚಾರ್ಲ್ಸ್ 1632ರಲ್ಲಿ ನೀಡಿದ ಸನ್ನದಿನಲ್ಲಿ ಗಡಿಯನ್ನು ಆಚೆ ದಡಕ್ಕೆ ಗುರುತಿಸಿದ್ದರ ಫಲವಿದು. ಈ ಕುರಿತ ನೀರಿನ ಹಕ್ಕಿನ ತಕರಾರು 2003ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಅಂತರರಾಜ್ಯ ನದಿವಿವಾದ ಕಾವೇರಿ, ಕೃಷ್ಣೆಯರಿಗೆ ಮಾತ್ರ ಮೀಸಲಲ್ಲ ಎಂಬುದು ಇಲ್ಲಿ ಗಮನಾರ್ಹ.

ಗೆಳೆಯನ ಹೆಸರು ಹೊತ್ತ ಮೀನು

ಕಂಚಿನ ಮೈಬಣ್ಣ, ಪಕ್ಕೆಗಳಲ್ಲಿ ಅಡ್ಡಕ್ಕಿಂತ ಲಂಬವಾಗಿ ಇಳಿದ ಕಪ್ಪು ಪಟ್ಟೆಗಳು, ಕೆಂಪು ಕಣ್ಣು. ಇದು ಸ್ಮಾಲ್‌ಮೌತ್ ಬಾಸ್‌ನ ಸ್ಥೂಲ ಪರಿಚಯ. ಇದರ ದಾಯಾದಿ ಲಾರ್ಜ್‌ಮೌತ್ ಬಾಸ್‌ನ ಮೇಲ್ದವಡೆ ಕಣ್ಣನ್ನು ದಾಟಿ ಹಿಂದಕ್ಕೆ ಚಾಚಿದ್ದರೆ, ಇದರದು ಕಣ್ಣಿನ ನೇರಕ್ಕೇ ನಿಲ್ಲುತ್ತದೆ. ಹೆಸರು ಬಂದದ್ದು ಹಾಗೆ. ಲಾರ್ಜ್‌ಮೌತ್ ನಿಂತ ನೀರಿನ, ಪಾಚಿ ಕಳೆಗಳ ಮೀನಾದರೆ, ಸ್ಮಾಲ್‌ಮೌತ್‌ಗೆ ಹರಿಯುವ ತಿಳಿನೀರು, ಕಲ್ಲಿನ ತಳ ಬೇಕು. ಸಮುದ್ರದಲ್ಲಿ ಸಿಗುವ ಬಾಸ್‌ಗಳಿಗೂ ಇವಕ್ಕೂ ಹೆಸರಿನ ಹೊರತು ಹತ್ತಿರದ ನಂಟಿಲ್ಲ. ಇವು ಸನ್‌ಫಿಶ್ ಎಂಬ ಉತ್ತರ ಅಮೆರಿಕದ ಸಿಹಿನೀರಿನ ಮೀನುಗಳ ಕುಟುಂಬದವು.

ಇದರ ವೈಜ್ಞಾನಿಕ ಹೆಸರು ಮೈಕ್ರಾಪ್ಟರಸ್ ಡೊಲೊಮಿಯು. 1802ರಲ್ಲಿ ಫ್ರೆಂಚ್ ವಿಜ್ಞಾನಿ ಲಾಸೆಪೆಡ್ ಈ ನಾಮಕರಣ ಮಾಡಿದರು. ಅವರ ಕೈಗೆ ಸಿಕ್ಕ ಮಾದರಿಯ ಬೆನ್ನಿನ ಈಜುರೆಕ್ಕೆ ಹರಿದುಹೋಗಿತ್ತು. ಹರಿದು ಬೇರ್ಪಟ್ಟ ತುಣುಕನ್ನೇ ಪ್ರತ್ಯೇಕವಾದ ಪುಟ್ಟ ರೆಕ್ಕೆಯೆಂದು ಭಾವಿಸಿ ಅವರು ‘ಕಿರುರೆಕ್ಕೆಯದು’ ಎಂಬ ಅರ್ಥದ ಹೆಸರಿಟ್ಟರು. ತಪ್ಪು ಆಮೇಲೆ ಬಯಲಾಯಿತಾದರೂ ನಾಮಕರಣದ ನಿಯಮದಂತೆ ಮೊದಲ ಹೆಸರೇ ಉಳಿದುಕೊಂಡಿತು. ಎರಡನೆಯ ಪದ ಅವರ ಗೆಳೆಯ, ಖನಿಜವಿಜ್ಞಾನಿ ಡೊಲೊಮಿಯು ಅವರ ನೆನಪಿಗೆ. ಡಾಲೊಮೈಟ್ ಎಂಬ ಖನಿಜಕ್ಕೆ ಹೆಸರು ಬಂದದ್ದೂ ಅವರಿಂದಲೇ.

ಗಾತ್ರದಲ್ಲಿ ಇದು ದೈತ್ಯನಲ್ಲ. ವಿಶ್ವದಾಖಲೆಯ ಮೀನು 1955ರಲ್ಲಿ ಡೇಲ್ ಹಾಲೊ ಎಂಬ ಜಲಾಶಯದಲ್ಲಿ ಸಿಕ್ಕಿದ್ದು, ಅದರ ತೂಕ ಸುಮಾರು ಐದೂವರೆ ಕಿಲೊ. ನದಿಯಲ್ಲಿ ಒಂದು ಅಡಿ ಉದ್ದದ್ದು ಸಾಧಾರಣ, 20 ಅಂಗುಲದ್ದು ಸಿಕ್ಕರೆ ವರ್ಷಗಟ್ಟಲೆ ಹೇಳಿಕೊಳ್ಳುವ ಸಂಗತಿ. ಮತ್ತೇಕೆ ಇಷ್ಟು ಮೋಹ? ಗಾಳ ಕಚ್ಚಿದ ಕ್ಷಣದಿಂದ ಅದು ತೋರುವ ಕಸುವೇ ಕಾರಣ. ನೀರಿನಿಂದ ಚಿಮ್ಮಿ ತಲೆ ಕೊಡವುತ್ತದೆ, ಮತ್ತೆ ತಳಕ್ಕೆ ಧುಮುಕುತ್ತದೆ, ದೋಣಿಯ ಅಡಿಗೆ ನುಗ್ಗುತ್ತದೆ. ಜೇಮ್ಸ್ ಹೆನ್‌ಶಾಲ್ ಎಂಬ ವೈದ್ಯರು 1881ರಲ್ಲಿ ಈ ಜಾತಿಯ ಮೀನುಗಳ ಬಗ್ಗೆಯೇ ಒಂದು ದೊಡ್ಡ ಪುಸ್ತಕ ಪ್ರಕಟಿಸಿ, ಟ್ರೌಟ್ ಮತ್ತು ಸಾಲ್ಮನ್‌ಗಳನ್ನಷ್ಟೇ ಕುಲೀನವೆಂದು ಎಣಿಸುತ್ತಿದ್ದ ಅಂದಿನ ಗಾಳಗಾರರ ಅಭಿಪ್ರಾಯವನ್ನು ಬದಲಿಸಿದರು.

ಉಗಿಬಂಡಿಯ ನೀರಿನ ತೊಟ್ಟಿಯಲ್ಲಿ ಪ್ರಯಾಣ

ಸ್ಮಾಲ್‌ಮೌತ್‌ನ ತವರು ಅಪಲೇಶಿಯನ್ ಪರ್ವತಸಾಲಿನ ಪಶ್ಚಿಮಕ್ಕಿದೆ. ಗ್ರೇಟ್ ಲೇಕ್ಸ್ ಎಂಬ ಮಹಾಸರೋವರಗಳು, ಒಹಾಯೊ ಮತ್ತು ಮಿಸಿಸಿಪಿ ನದಿಗಳ ಜಲಾನಯನ ಪ್ರದೇಶ ಅದರ ಸ್ವಾಭಾವಿಕ ನೆಲೆ. ಪೊಟೊಮ್ಯಾಕ್ ಹರಿಯುವುದು ಪರ್ವತದ ಪೂರ್ವಕ್ಕೆ, ಅಟ್ಲಾಂಟಿಕ್‌ನತ್ತ. ಪಶ್ಚಿಮಘಟ್ಟದ ನೆತ್ತಿಯು ನೇತ್ರಾವತಿ, ಶರಾವತಿಗಳನ್ನು ಒಂದು ಕಡಲಿಗೂ ಕಾವೇರಿ, ತುಂಗಭದ್ರೆಗಳನ್ನು ಇನ್ನೊಂದಕ್ಕೂ ಕಳುಹಿಸುವಂತೆಯೇ ಇದು. ಬೆಟ್ಟದ ಈಚೆಗಿನ ನೀರಿನ ಮೀನು ಆಚೆಗಿನ ನೀರಿಗೆ ತಾನಾಗಿ ಹೋಗಲಾರದು.

ಆ ತಡೆಯನ್ನು ಮುರಿದದ್ದು ರೈಲು. ಬಾಲ್ಟಿಮೋರ್ ಅಂಡ್ ಒಹಾಯೊ ರೈಲುಮಾರ್ಗ 1852ರ ಕೊನೆಯಲ್ಲಿ ಪರ್ವತಗಳನ್ನು ದಾಟಿ ಒಹಾಯೊ ನದಿಯ ದಂಡೆಯ ವೀಲಿಂಗ್ ಪಟ್ಟಣವನ್ನು ತಲುಪಿತು. 1854ರ ಸುಮಾರಿಗೆ ವೀಲಿಂಗ್‌ನ ಜನರಲ್ ವಿಲಿಯಂ ಶ್ರೈವರ್ ಎಂಬವರು ಅಲ್ಲಿನ ತೊರೆಯಿಂದ ಕೆಲವು ಬಾಸ್‌ಗಳನ್ನು ಹಿಡಿಸಿದರು. ತೂತು ಕೊರೆದ ತಗಡಿನ ಬಕೆಟ್ಟಿನಲ್ಲಿ ಮೀನುಗಳನ್ನು ಇಟ್ಟು, ಆ ಬಕೆಟ್ಟನ್ನು ಉಗಿಬಂಡಿಯ ಹಿಂದಿನ ನೀರಿನ ತೊಟ್ಟಿಯೊಳಗೆ ಇಳಿಬಿಡಲಾಯಿತು. ಯಂತ್ರಕ್ಕೆಂದು ತುಂಬಿಸಿದ ತಣ್ಣನೆಯ ನೀರು, ಚಲಿಸುವ ಗಾಡಿಯ ಕುಲುಕಾಟದಿಂದ ಸದಾ ಬೆರೆಯುತ್ತಿದ್ದ ಗಾಳಿ ಮೀನುಗಳನ್ನು ಜೀವಂತ ಉಳಿಸಿದವು. ಮೇರಿಲ್ಯಾಂಡಿನ ಕಂಬರ್ಲೆಂಡ್‌ನಲ್ಲಿ ಅವುಗಳನ್ನು ಕಾಲುವೆಯ ಕೊಳಕ್ಕೆ ಬಿಡಲಾಯಿತು. ಅಲ್ಲಿಂದ ನದಿಗೆ ದಾರಿಯಿತ್ತು. ಇಂದು ಪೊಟೊಮ್ಯಾಕ್‌ನುದ್ದಕ್ಕೂ ಸಿಗುವ ಸ್ಮಾಲ್‌ಮೌತ್‌ಗಳ ವಂಶದ ಆರಂಭ ಆ ಬಕೆಟ್ಟಿನಲ್ಲಿದೆ.

ಅಂದಿನವರಿಗೆ ಇದು ಲೋಕೋಪಕಾರಿ ಕೆಲಸವಾಗಿ ಕಂಡಿತ್ತು. 1871ರಲ್ಲಿ ಅಮೆರಿಕ ಸರ್ಕಾರವೇ ಮೀನುಗಾರಿಕಾ ಆಯೋಗವನ್ನು ಸ್ಥಾಪಿಸಿತು. ಮೀನು ಸಾಗಿಸಲೆಂದೇ ವಿಶೇಷ ರೈಲುಬೋಗಿಗಳು ದೇಶದುದ್ದಕ್ಕೂ ಓಡಾಡಿದವು. ಒಂದು ನದಿಯ ಮೀನನ್ನು ಇನ್ನೊಂದಕ್ಕೆ ಬಿಟ್ಟರೆ ಅಲ್ಲಿನ ಮೂಲನಿವಾಸಿಗಳ ಗತಿಯೇನು ಎಂಬ ಪ್ರಶ್ನೆಯನ್ನು ಕೇಳುವವರು ಆಗ ವಿರಳ. ಅದೇ ರೈಲುಮಾರ್ಗ ಇಂದಿಗೂ ನದಿಯ ಪಕ್ಕದಲ್ಲೇ ಇದೆ. ಬ್ರನ್ಸ್‌ವಿಕ್‌ನಲ್ಲಿ ದೋಣಿ ಇಳಿಸುವಾಗ ಕಿವಿಗೆ ಬೀಳುವುದು ಸರಕು ಸಾಗಿಸುವ ಗಾಡಿಗಳ ಸದ್ದು.

ನದಿಯನ್ನು ಓದುವ ವಿದ್ಯೆ

ದೋಣಿ ನೀರಿಗಿಳಿದ ಮೇಲೆ ಶುರುವಾಗುವುದು ಓದು. ಅಕ್ಷರದ್ದಲ್ಲ, ನೀರಿನದು. ಹೊಸಬರ ಕಣ್ಣಿಗೆ ನದಿ ಒಂದೇ ಸಮನೆ ಹರಿಯುವ ನೀರು. ಬಲ್ಲವರಿಗೆ ಅದರಲ್ಲಿ ಬೀದಿಗಳು, ಜಗಲಿಗಳು, ಅಡುಗೆಮನೆಗಳು ಕಾಣುತ್ತವೆ.

ಬಾಸ್ ಸೋಮಾರಿಯಲ್ಲ, ಆದರೆ ಲೆಕ್ಕಾಚಾರದ ಪ್ರಾಣಿ. ಬಿರುಸಾದ ಹರಿವಿನಲ್ಲಿ ಸದಾ ಈಜುತ್ತಿದ್ದರೆ ತಿಂದ ಆಹಾರಕ್ಕಿಂತ ಖರ್ಚಾಗುವ ಶಕ್ತಿಯೇ ಹೆಚ್ಚು. ನಿಂತ ನೀರಿನಲ್ಲಿದ್ದರೆ ಆಹಾರ ಬಾಯಿಗೆ ಬರುವುದಿಲ್ಲ. ಆದ್ದರಿಂದ ಅದು ಎರಡರ ಗಡಿಯಲ್ಲಿ ಹೊಂಚುತ್ತದೆ. ಬಂಡೆಯ ಹಿಂದಿನ ಶಾಂತ ನೀರಿನಲ್ಲಿ ಮೈ ಇಟ್ಟು, ಪಕ್ಕದ ಸೆಳವಿನಲ್ಲಿ ತೇಲಿಬರುವ ತುತ್ತಿನ ಮೇಲೆ ಕಣ್ಣಿಟ್ಟಿರುತ್ತದೆ. ವೇಗದ ನೀರೂ ನಿಧಾನದ ನೀರೂ ಸಂಧಿಸುವಲ್ಲಿ ಮೇಲ್ಮೈಯಲ್ಲಿ ಸಣ್ಣ ನೊರೆಗೆರೆ ಮೂಡುತ್ತದೆ. ಗಾಳ ಬೀಳಬೇಕಾದದ್ದು ಆ ಗೆರೆಯ ಮೇಲೆ.

ನದಿಗೆ ಅಡ್ಡಲಾಗಿ ಹಾಸಿರುವ ಕಲ್ಲಿನ ಸಾಲುಗಳು, ಅವುಗಳ ಕೆಳಗಿನ ಮಡುಗಳು, ದ್ವೀಪದ ಬಾಲದಂಚು, ಬಿದ್ದ ಮರದ ನೆರಳು, ಉಪನದಿ ಸೇರುವ ಬಾಯಿ ಇವೆಲ್ಲ ಬಾಸ್‌ನ ವಿಳಾಸಗಳು. ಬ್ರನ್ಸ್‌ವಿಕ್‌ನಿಂದ ಕೆಳಗೆ ಕಟಾಕ್ಟಿನ್ ಎಂಬ ತೊರೆ ನದಿಯನ್ನು ಕೂಡುವ ಸ್ಥಳ ಅಂಥದ್ದು. ಕೆಲವೆಡೆ ನೀರಿನ ಮಟ್ಟ ಇಳಿದಾಗ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದ ಕಲ್ಲುಕಟ್ಟೆಗಳ ಅವಶೇಷ ಕಾಣುತ್ತದೆ. ಮೀನನ್ನು ಒಂದೆಡೆಗೆ ಕೂಡಿಹಾಕಿ ಹಿಡಿಯಲು ಇಲ್ಲಿನ ಮೂಲನಿವಾಸಿಗಳು ಬಳಸಿದ ತಂತ್ರವದು.

ಕಾಲದ ಓದು ಇನ್ನೊಂದು. ನೀರು ಸುಮಾರು 15ರಿಂದ 18 ಡಿಗ್ರಿ ಸೆಲ್ಸಿಯಸ್‌ಗೆ ಬರುವ ವಸಂತಕಾಲದಲ್ಲಿ ಬಾಸ್ ಮೊಟ್ಟೆಯಿಡುತ್ತದೆ. ಗಂಡು ಬಾಲದಿಂದ ಜಲ್ಲಿಯನ್ನು ಗುಡಿಸಿ ತಟ್ಟೆಯಾಕಾರದ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಅಲ್ಲಿಂದ ಮರಿಗಳು ಚದುರುವವರೆಗೆ ಕಾವಲು ಕಾಯುವ ಹೊಣೆ ಗಂಡಿನದು. ಆ ದಿನಗಳಲ್ಲಿ ಅದು ಹೆಚ್ಚೇನೂ ತಿನ್ನುವುದಿಲ್ಲ. ಅದನ್ನು ಗಾಳಕ್ಕೆ ಸಿಕ್ಕಿಸಿ ಕೆಲವೇ ನಿಮಿಷ ದೂರ ಮಾಡಿದರೂ ಉಳಿದ ಮೀನುಗಳು ಗೂಡನ್ನು ಬರಿದು ಮಾಡಬಲ್ಲವು. ನಡುಬೇಸಿಗೆಯಲ್ಲಿ ಬೆಳಗು, ಸಂಜೆಗಳಷ್ಟೇ ಬೇಟೆಯ ಹೊತ್ತು. ಶರತ್ಕಾಲದಲ್ಲಿ ಚಳಿಗಾಲಕ್ಕೆಂದು ಮೈ ತುಂಬಿಸಿಕೊಳ್ಳುವ ಮೀನು ದಿನವಿಡೀ ಹಸಿದಿರುತ್ತದೆ.

ಗಾಳದ ಸರಂಜಾಮು ಸರಳ. ಆರೇಳು ಅಡಿಯ ಹಗುರವಾದ ಕೋಲು, ದಾರ ಸುತ್ತುವ ರಾಟೆ, ತೆಳುವಾದ ದಾರ. ಎರೆಹುಳುವಿನ ಬದಲು ಇಲ್ಲಿ ಹೆಚ್ಚಾಗಿ ಕೃತಕ ಎರೆ ಬಳಸುತ್ತಾರೆ. ಬಾಸ್‌ನ ಮುಖ್ಯ ಆಹಾರವಾದ ಕ್ರೇಫಿಶ್, ಅಂದರೆ ಸಿಗಡಿಯನ್ನು ಹೋಲುವ ಸಿಹಿನೀರಿನ ಜೀವಿ, ಮತ್ತು ಸಣ್ಣ ಮೀನುಗಳ ರೂಪವನ್ನು ಅದು ಅನುಕರಿಸುತ್ತದೆ. ಪೆನ್ಸಿಲ್ವೇನಿಯಾದ ಬಾಬ್ ಕ್ಲೌಸರ್ 1980ರ ದಶಕದಲ್ಲಿ ಸಸ್ಕ್ವೆಹಾನ ನದಿಯ ಸ್ಮಾಲ್‌ಮೌತ್‌ಗಾಗಿ ಜಿಂಕೆಯ ಬಾಲದ ಕೂದಲು ಮತ್ತು ಭಾರದ ಲೋಹದ ಕಣ್ಣುಗಳಿಂದ ರೂಪಿಸಿದ ‘ಕ್ಲೌಸರ್ ಮಿನ್ನೊ’ ಎಂಬ ಎರೆ ಇಂದು ಕಡಲ ಮೀನುಗಾರಿಕೆಯಲ್ಲೂ ಜಗತ್ಪ್ರಸಿದ್ಧ.

ಹಿಡಿದು ಬಿಡುವುದು ದಯೆಯೇ?

ಮೀನು ಸಿಕ್ಕ ಮೇಲೆ ನಡೆಯುವುದು ಮೊದಲ ಬಾರಿಗೆ ನೋಡುವ ಭಾರತೀಯರಿಗೆ ಅಚ್ಚರಿ ತರುತ್ತದೆ. ಒದ್ದೆ ಕೈಯಲ್ಲಿ ಮೀನನ್ನು ಹಿಡಿದು, ಕೊಕ್ಕೆ ಬಿಡಿಸಿ, ಉದ್ದ ಅಳೆದು, ಒಂದು ಛಾಯಾಚಿತ್ರ ತೆಗೆದು ನೀರಿಗೆ ಬಿಟ್ಟುಬಿಡುತ್ತಾರೆ. ತಿನ್ನುವುದಕ್ಕಲ್ಲದಿದ್ದರೆ ಹಿಡಿಯುವುದೇಕೆ?

ಇದಕ್ಕೆ ಗಾಳಗಾರರ ಉತ್ತರ ಮೀನಿನ ವಯಸ್ಸಿನಲ್ಲಿದೆ. ನದಿಯ ಸ್ಮಾಲ್‌ಮೌತ್ ನಿಧಾನವಾಗಿ ಬೆಳೆಯುತ್ತದೆ. ಒಂದು ಅಡಿ ದಾಟಲು ಕೆಲವು ವರ್ಷಗಳು, 20 ಅಂಗುಲ ತಲುಪಲು ದಶಕವೇ ಬೇಕಾಗಬಹುದು. ದೊಡ್ಡ ಮೀನನ್ನು ಒಯ್ದರೆ ಅದರ ಜಾಗ ತುಂಬಲು ಅಷ್ಟೇ ವರ್ಷ ಕಾಯಬೇಕು. ಬಿಟ್ಟರೆ ಅದು ಮತ್ತೆ ಗೂಡು ಕಟ್ಟುತ್ತದೆ, ಇನ್ನೊಬ್ಬರ ಗಾಳಕ್ಕೂ ಸಿಗುತ್ತದೆ.

ಆದರೆ ಬಿಟ್ಟ ಮೀನೆಲ್ಲ ಬದುಕುತ್ತದೆ ಎಂದು ತಿಳಿಯುವಂತಿಲ್ಲ. ಒಣಗಿದ ಕೈ ಮೈಮೇಲಿನ ಲೋಳೆಪದರವನ್ನು ಕಿತ್ತರೆ ಸೋಂಕು ತಗಲುತ್ತದೆ. ನೀರಿನ ಹೊರಗೆ ಕಳೆದ ಪ್ರತಿ ಕ್ಷಣವೂ ಕಿವಿರುಗಳಿಗೆ ಆಘಾತ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆಯಿರುವುದರಿಂದ ದಣಿದ ಮೀನು ಚೇತರಿಸಿಕೊಳ್ಳುವುದು ಕಷ್ಟ. ಹೀಗಾಗಿ ಮುಳ್ಳಿಲ್ಲದ ಕೊಕ್ಕೆ ಬಳಸುವುದು, ಆಳಕ್ಕೆ ಚುಚ್ಚಿಕೊಂಡರೆ ಎಳೆಯದೆ ದಾರವನ್ನೇ ಕತ್ತರಿಸುವುದು, ಕಡುಬೇಸಿಗೆಯ ಮಧ್ಯಾಹ್ನ ಗಾಳ ಮಡಿಸಿ ನೆರಳಿಗೆ ಹೋಗುವುದು ಪ್ರಜ್ಞಾವಂತರ ರೂಢಿ.

ಇದರ ನೈತಿಕತೆಯನ್ನು ಪ್ರಶ್ನಿಸುವವರೂ ಇದ್ದಾರೆ. ಸಕಾರಣವಿಲ್ಲದೆ ಪ್ರಾಣಿಗೆ ನೋವುಂಟುಮಾಡಬಾರದೆನ್ನುವ ಕಾನೂನಿನ ಜರ್ಮನಿಯಲ್ಲಿ, ಬಿಡುವ ಉದ್ದೇಶದಿಂದಲೇ ಮೋಜಿಗಾಗಿ ಮೀನು ಹಿಡಿಯುವುದಕ್ಕೆ ಸಮ್ಮತಿಯಿಲ್ಲ. ಅಮೆರಿಕದಲ್ಲಿ ಅದೇ ಕೆಲಸ ಸಂರಕ್ಷಣೆಯ ಹೆಸರು ಪಡೆದಿದೆ. ಒಂದು ಸಂಗತಿಯನ್ನು ಮಾತ್ರ ಇಬ್ಬರೂ ಒಪ್ಪಬೇಕಾಗುತ್ತದೆ. ವರ್ಷಕ್ಕೆ ನೂರಾರು ಮೀನುಗಳನ್ನು ಕೈಯಲ್ಲಿ ಹಿಡಿದು, ಹೊರಳಿಸಿ ನೋಡಿ ಬಿಡುವ ಜನ ಆ ನದಿಯ ಆರೋಗ್ಯವನ್ನು ಬೇರೆಯವರಿಗಿಂತ ಮೊದಲು ಅರಿಯುತ್ತಾರೆ.

ಮೈಮೇಲೆ ಹುಣ್ಣು, ಗಂಡಿನೊಳಗೆ ಮೊಟ್ಟೆ

ಅಧ್ಯಕ್ಷ ಲಿಂಡನ್ ಜಾನ್ಸನ್ 1965ರಲ್ಲಿ ಪೊಟೊಮ್ಯಾಕ್‌ನ ಸ್ಥಿತಿಯನ್ನು ರಾಷ್ಟ್ರದ ಅವಮಾನವೆಂದು ಬಣ್ಣಿಸಿದ್ದರು. ನಗರದ ಕೊಳಚೆ, ಪಾಚಿ, ದುರ್ನಾತ ಅಂದಿನ ನದಿಯ ಲಕ್ಷಣಗಳಾಗಿದ್ದವು. 1972ರ ಶುದ್ಧಜಲ ಕಾಯ್ದೆ ಮತ್ತು ಕೊಳಚೆ ಸಂಸ್ಕರಣೆಯ ಮೇಲೆ ಹೂಡಿದ ಅಪಾರ ಹಣದಿಂದ ನದಿ ಗಣನೀಯವಾಗಿ ಚೇತರಿಸಿಕೊಂಡಿತು. ಕಣ್ಣಿಗೆ ಕಾಣುವ ಕೊಳೆ ಕಡಿಮೆಯಾದ ಕಾಲದಲ್ಲಿಯೇ ಕಾಣದ ತೊಂದರೆ ಹೊರಬಿತ್ತು.

ಪೊಟೊಮ್ಯಾಕ್‌ನ ಮೇಲಿನ ಕವಲೊಂದರಲ್ಲಿ, ವೆಸ್ಟ್ ವರ್ಜೀನಿಯಾದ ಸೌತ್ ಬ್ರಾಂಚ್‌ನಲ್ಲಿ 2002ರಲ್ಲಿ ಮೀನುಗಳು ಸತ್ತವು. ಕಾರಣ ಹುಡುಕುತ್ತಿದ್ದ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಜ್ಞರು 2003ರಲ್ಲಿ ನಿರೀಕ್ಷಿಸದ ಸಂಗತಿಯೊಂದನ್ನು ಕಂಡರು. ಗಂಡು ಬಾಸ್‌ಗಳ ವೃಷಣದೊಳಗೆ ಅಪಕ್ವ ಮೊಟ್ಟೆಗಳಿದ್ದವು. ಇದನ್ನು ‘ಇಂಟರ್‌ಸೆಕ್ಸ್’ ಸ್ಥಿತಿ ಎನ್ನುತ್ತಾರೆ. ಮರುವರ್ಷದಿಂದ ಪೊಟೊಮ್ಯಾಕ್‌ನ ಉಪನದಿ ಶೆನಂಡೋವಾದಲ್ಲಿ ಪ್ರತಿ ವಸಂತದಲ್ಲೂ ಬೆಳೆದ ಬಾಸ್‌ಗಳು ಮೈಮೇಲೆ ಹುಣ್ಣುಗಳೊಂದಿಗೆ ಸಾಯತೊಡಗಿದವು. ಶೆನಂಡೋವಾ ಪೊಟೊಮ್ಯಾಕ್‌ಗೆ ಸೇರುವುದು ಹಾರ್ಪರ್ಸ್ ಫೆರ್ರಿಯಲ್ಲಿ, ಬ್ರನ್ಸ್‌ವಿಕ್‌ಗಿಂತ ಕೇವಲ ಒಂಬತ್ತು ಕಿಲೋಮೀಟರು ಮೇಲೆ. 2005ರಲ್ಲಿ ಸಸ್ಕ್ವೆಹಾನ ನದಿಯಲ್ಲಿ ಬಾಸ್ ಮರಿಗಳು ದೊಡ್ಡ ಪ್ರಮಾಣದಲ್ಲಿ ಸತ್ತವು.

ಇದು ಒಂದೆರಡು ನದಿಗಳ ಪಾಡಲ್ಲ ಎಂಬುದೂ ಬೇಗನೆ ಸ್ಪಷ್ಟವಾಯಿತು. ಅದೇ ಸಂಸ್ಥೆಯು 1995ರಿಂದ 2004ರವರೆಗೆ ದೇಶದ ಹಲವು ನದಿಗಳಲ್ಲಿ ಸಂಗ್ರಹಿಸಿದ ಮಾದರಿಗಳ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ ಗಂಡು ಸ್ಮಾಲ್‌ಮೌತ್‌ಗಳಲ್ಲಿ ಮೂರರಲ್ಲೊಂದರಲ್ಲಿ ಈ ಸ್ಥಿತಿ ಕಂಡುಬಂದಿತ್ತು.

ಒಂದೇ ಒಂದು ಖಳನನ್ನು ಬೆರಳಿಟ್ಟು ತೋರಿಸಲು ಸಾಧ್ಯವಾಗಲಿಲ್ಲ ಎಂಬುದು ಈ ಪತ್ತೇದಾರಿಯ ವಿಶೇಷ. ಜಾನುವಾರು ಮತ್ತು ಕೋಳಿಸಾಕಣೆಯ ಗೊಬ್ಬರದಲ್ಲಿರುವ ಹಾರ್ಮೋನುಗಳು, ಹೊಲಕ್ಕೆ ಸಿಂಪಡಿಸಿದ ಕಳೆನಾಶಕಗಳು, ಮನುಷ್ಯರ ದೇಹದಿಂದ ಚರಂಡಿ ಸೇರುವ ಔಷಧಗಳ ಅಂಶ ಇವೆಲ್ಲವೂ ಹೆಣ್ಣುಹಾರ್ಮೋನಿನಂತೆ ವರ್ತಿಸಬಲ್ಲವು. ಇವು ಮೀನಿನ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿದರೆ ಬ್ಯಾಕ್ಟೀರಿಯಾ, ವೈರಸ್, ಪರಾವಲಂಬಿಗಳು ಉಳಿದ ಕೆಲಸ ಮುಗಿಸುತ್ತವೆ. ಸಸ್ಕ್ವೆಹಾನದ ಕುರಿತು ಪೆನ್ಸಿಲ್ವೇನಿಯಾ ರಾಜ್ಯ 2015ರಲ್ಲಿ ಹೊರತಂದ ವರದಿಯೂ ಇಂಥ ರಾಸಾಯನಿಕಗಳು ಹಾಗೂ ರೋಗಾಣುಗಳನ್ನೇ ಅತಿ ಸಂಭವನೀಯ ಕಾರಣಗಳೆಂದು ಗುರುತಿಸಿತು. ವಾಷಿಂಗ್ಟನ್ ನಗರ ಕುಡಿಯುವುದು ಪೊಟೊಮ್ಯಾಕ್‌ನ ನೀರನ್ನೇ ಎಂಬುದನ್ನು ನೆನೆದರೆ, ಮೀನಿನ ಹೊಟ್ಟೆಯೊಳಗಿನ ಈ ಸಂಗತಿ ಕೇವಲ ಗಾಳಗಾರರ ಚಿಂತೆಯಾಗಿ ಉಳಿಯುವುದಿಲ್ಲ.

ಒಬ್ಬ ಅತಿಥಿ, ಇನ್ನೊಬ್ಬ ಶತ್ರು

ದಿನದ ನಡುವೆ ಗಾಳಕ್ಕೆ ಬೇರೆ ಮೀನೂ ಬೀಳುವುದುಂಟು. ಉದ್ದನೆಯ ದೇಹ, ಹಾವಿನಂಥ ತಲೆ. ಇದು ನಾರ್ದರ್ನ್ ಸ್ನೇಕ್‌ಹೆಡ್, ಕರ್ನಾಟಕದ ಮೀನುಮಾರುಕಟ್ಟೆಗಳಲ್ಲಿ ಸಿಗುವ ಕೊರಮೀನಿನ ಪೂರ್ವ ಏಷ್ಯಾದ ಸೋದರ. 2002ರಲ್ಲಿ ಮೇರಿಲ್ಯಾಂಡಿನ ಕೊಳವೊಂದರಲ್ಲಿ, 2004ರಲ್ಲಿ ಪೊಟೊಮ್ಯಾಕ್‌ನಲ್ಲಿ ಇದು ಪತ್ತೆಯಾಯಿತು. ಇದನ್ನು ಹಿಡಿದವರು ಬಿಡದೆ ಕೊಲ್ಲಬೇಕೆಂದು ರಾಜ್ಯದ ಅಧಿಕಾರಿಗಳು ಕೋರುತ್ತಾರೆ.

ಒಂದೇ ದೋಣಿಯಲ್ಲಿ, ಒಂದೇ ಮಧ್ಯಾಹ್ನ, ಹೊರಗಿನಿಂದ ಬಂದ ಒಂದು ಮೀನನ್ನು ಮೃದುವಾಗಿ ನೀರಿಗೆ ಮರಳಿಸಿ, ಹೊರಗಿನಿಂದ ಬಂದ ಇನ್ನೊಂದನ್ನು ಕೊಲ್ಲಬೇಕಾದ ವಿಪರ್ಯಾಸವಿದು. ಇಬ್ಬರ ನಡುವಿನ ಅಂತರ 150 ವರ್ಷ ಮಾತ್ರ. ಹಾಗೆಂದು ಸ್ಮಾಲ್‌ಮೌತ್ ಎಲ್ಲೆಡೆಯೂ ಗೌರವಾನ್ವಿತ ಅತಿಥಿಯಲ್ಲ. ದೇಶದ ಪಶ್ಚಿಮ ತುದಿಯ ಕೊಲಂಬಿಯಾ ನದಿಯಲ್ಲಿ ಅದು ಮೊದಲೇ ಅಪಾಯದಲ್ಲಿರುವ ಸಾಲ್ಮನ್‌ಗಳ ಮರಿಗಳನ್ನು ತಿನ್ನುವ ಆಕ್ರಮಣಕಾರಿ. ಮೀನು ಅದೇ, ನದಿ ಬೇರೆ.

ಕಾವೇರಿಯ ಕನ್ನಡಿಯಲ್ಲಿ

ವಾಷಿಂಗ್ಟನ್ ಸೀಮೆಯ ಕನ್ನಡಿಗರು ಪೊಟೊಮ್ಯಾಕ್‌ನ ಆಸುಪಾಸಿನಲ್ಲಿ ನೆಲೆಸಿ ತಮ್ಮ ಸಂಘಕ್ಕೆ ಇಟ್ಟುಕೊಂಡ ಹೆಸರು ‘ಕಾವೇರಿ’. ಎರಡು ನದಿಗಳ ನಡುವೆ ಹೆಸರಿನ ನೆನಪಿಗಿಂತ ಆಳವಾದ ಹೋಲಿಕೆಯೂ ಇದೆ.

ಕಾವೇರಿಯ ಡುಬ್ಬಬೆನ್ನಿನ ಮಹಶೀರ್ ಐವತ್ತು ಕಿಲೊಗೂ ಮೀರಿ ಬೆಳೆಯಬಲ್ಲ, ಈ ಜಲಾನಯನದ ಹೊರಗೆ ಎಲ್ಲೂ ಇಲ್ಲದ ಮೀನು. ಅದರ ನದಿಗೆ 1970ರ ದಶಕದ ನಂತರ ಮಹಾರಾಷ್ಟ್ರದ ಲೋಣಾವಳದಲ್ಲಿ ಕೃತಕವಾಗಿ ಬೆಳೆಸಿದ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಬಿಡಲಾಯಿತು. ಉದ್ದೇಶ ಮೀನನ್ನು ಉಳಿಸುವುದೇ ಆಗಿತ್ತು. ಆದರೆ ಹೊಸಬರು ಹೆಚ್ಚಿದಂತೆ ಮೂಲದವರು ಕಡಿಮೆಯಾದರು.

ಇದು ತಿಳಿದದ್ದು ಹೇಗೆ? ಕಾವೇರಿ ವನ್ಯಜೀವಿ ಧಾಮದ ಗಾಲಿಬೋರೆ ಶಿಬಿರದಲ್ಲಿ ಮೀನು ಹಿಡಿದು ಬಿಡುತ್ತಿದ್ದ ಗಾಳಗಾರರ ದಿನಚರಿಗಳಿಂದ. 1998ರಿಂದ 2012ರವರೆಗಿನ 23,620 ಗಂಟೆಗಳ ಗಾಳಗಾರಿಕೆ ಮತ್ತು 6,161 ಮಹಶೀರ್‌ಗಳ ಆ ದಾಖಲೆಯನ್ನು ವಿಜ್ಞಾನಿಗಳು ವಿಶ್ಲೇಷಿಸಿ 2015ರಲ್ಲಿ ಪ್ರಕಟಿಸಿದರು. ಬೇರೆ ಯಾವ ಮೂಲದಿಂದಲೂ ಅಷ್ಟು ದೀರ್ಘಾವಧಿಯ ಮಾಹಿತಿ ಇರಲಿಲ್ಲ. ಡುಬ್ಬಬೆನ್ನಿನ ಮಹಶೀರ್‌ಗೆ ಖಚಿತ ವೈಜ್ಞಾನಿಕ ಗುರುತು ದೊರೆತದ್ದು 2018ರಲ್ಲಿ. ಅದು ಟಾರ್ ರೆಮಾದೇವಿ ಎಂಬ ಪ್ರಭೇದವೆಂದು ಸಾಬೀತಾಯಿತು. ಅದೇ ವರ್ಷ ಅದನ್ನು ಅಳಿವಿನ ಅತ್ಯಂತ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಇಷ್ಟರಲ್ಲಿ, ಸಂರಕ್ಷಿತ ಪ್ರದೇಶದಲ್ಲಿ ಗಾಳ ಹಾಕುವುದಕ್ಕೆ ವನ್ಯಜೀವಿ ಕಾಯ್ದೆಯಡಿ ಅವಕಾಶವಿಲ್ಲವೆಂಬ ಕಾರಣಕ್ಕೆ ಆ ಶಿಬಿರಗಳ ಮೀನುಗಾರಿಕೆ 2012ರಲ್ಲೇ ನಿಂತಿತ್ತು. ಅದರೊಂದಿಗೆ ದಿನಚರಿಯೂ ನಿಂತಿತು.

ಗಾಳಗಾರರೆಲ್ಲ ಸಂರಕ್ಷಕರೆಂದು ಇದರಿಂದ ತೀರ್ಮಾನಿಸಬೇಕಿಲ್ಲ. ಮೀನನ್ನು ಎಲ್ಲಿಂದೆಲ್ಲಿಗೋ ಸಾಗಿಸಿದ ಉತ್ಸಾಹದಲ್ಲಿ ಅವರ ಪಾಲೂ ಇದೆ. ಆದರೆ ನದಿಯ ಮೇಲೆ ಪ್ರತಿವಾರ ಕಣ್ಣಿಡುವವರು ಯಾರೂ ಇಲ್ಲದಿದ್ದರೆ ಮೀನು ಮಾಯವಾದದ್ದು ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ ಎಂಬ ಮಾತನ್ನು ಎರಡೂ ನದಿಗಳ ಅನುಭವ ಸಮರ್ಥಿಸುತ್ತದೆ.

ಸಂಜೆಯ ಲೆಕ್ಕ

ಮಧ್ಯಾಹ್ನ ಕಳೆದು ಬಿಸಿಲು ಇಳಿಯುವ ಹೊತ್ತಿಗೆ ಪಾಯಿಂಟ್ ಆಫ್ ರಾಕ್ಸ್‌ನ ಸೇತುವೆ ಕಣ್ಣಿಗೆ ಬೀಳುತ್ತದೆ. ಅದರಾಚೆ 1870ರ ದಶಕದಲ್ಲಿ ಕಟ್ಟಿದ ರೈಲುನಿಲ್ದಾಣದ ಗೋಪುರ. ದೋಣಿಯನ್ನು ದಡಕ್ಕೆಳೆದು, ನೆನೆದ ಬೂಟುಗಳನ್ನು ಕಳಚಿ ಇಬ್ಬರೂ ಕೂರುತ್ತಾರೆ. ಬುತ್ತಿಯಲ್ಲಿ ಉಳಿದದ್ದನ್ನು ಹಂಚಿಕೊಳ್ಳುತ್ತಾರೆ.

ಕೈಯಲ್ಲಿ ಒಂದು ಮೀನೂ ಇಲ್ಲ. ಕೆಲವರ ಕಿಸೆಯಲ್ಲಿ ಮಾತ್ರ ಒಂದು ಸಣ್ಣ ಪುಸ್ತಕವಿರುತ್ತದೆ. ಅದರಲ್ಲಿ ಆ ದಿನದ ನೀರಿನ ಉಷ್ಣತೆ, ನದಿಯ ಮಟ್ಟ, ಸಿಕ್ಕ ಮೀನುಗಳ ಸಂಖ್ಯೆ, ಅವುಗಳ ಉದ್ದ. ಯಾವುದಾದರೂ ಮೀನಿನ ಪಕ್ಕೆಯಲ್ಲಿ ಹುಣ್ಣು ಕಂಡಿದ್ದರೆ ಅದರ ಛಾಯಾಚಿತ್ರ, ಸಿಕ್ಕ ಸ್ಥಳದ ಗುರುತು ರಾಜ್ಯದ ಮೀನುಗಾರಿಕಾ ಇಲಾಖೆಗೆ ಹೋಗುತ್ತದೆ. ಬಳಿಕ ಕಾದು ನಿಂತ ಕಾರನ್ನು ಚಾಲೂ ಮಾಡಿ, ಬೆಳಿಗ್ಗೆ ಬ್ರನ್ಸ್‌ವಿಕ್‌ನಲ್ಲಿ ಬಿಟ್ಟ ಇನ್ನೊಂದನ್ನು ತರಲು ಹೊರಡಬೇಕು. ಅದಕ್ಕೂ ಇಬ್ಬರು ಬೇಕು.